ಶಾಂತಿ ಪ್ರಶಸ್ತಿ ಬಂದ ಮನೆಯ ಪಕ್ಕದ ಮನೆ

ವಾರಗಿತ್ತಿ ಎನ್ನುವ ಜೀವ ಗೋಡೆಯಾಚೆಗೇ ಇದ್ದರೆ ಇಂಥ ಪ್ರಸಂಗಗಳಿಗೆ ಬರವಿರುವುದಿಲ್ಲ. ಅದರಲ್ಲೂ ಆ ವಾರಗಿತ್ತಿಗೆ ಹೊರದೇಶದಿಂದ ಶಾಂತಿ ಪ್ರಶಸ್ತಿ ಬಂತೆಂದರೆ, ಪಕ್ಕದ ಮನೆಯವಳ ಶಾಂತಿ ಏನಾಗಬೇಕು ಎಂದು ಕೊಟ್ಟವರು ಯಾರೂ ಯೋಚಿಸಿದಂತಿಲ್ಲ.

ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಪ್ರಯೋಜನವಿಲ್ಲ, ಊರಿಗೆಲ್ಲ ಗೊತ್ತಿದೆ. ಕೆ. ಹೊಸಕೋಟೆಯಿಂದ ಒಂದಿಷ್ಟು ಒಳಗೆ ನಮ್ಮ ಊರು. ಅಣ್ಣತಮ್ಮಂದಿರು ಪಾಲಾದಾಗ ಮನೆಯ ನಡುವೆ ಗೋಡೆ ಎದ್ದಿತು. ಆ ಕಡೆ ಅವಳು, ಈ ಕಡೆ ನಾನು. ನಾನು ದೊಡ್ಡ ಸೊಸೆ. ಅವಳು ನನಗಿಂತ ಆರು ವರ್ಷ ಚಿಕ್ಕವಳು, ಬಾಯಿ ತುಂಬ ‘ಅಕ್ಕ’ ಎನ್ನುತ್ತಾಳೆ. ಪ್ರಶಸ್ತಿ ಅಂತಿಂಥದ್ದಲ್ಲ. ಮನುಷ್ಯರ ಹಕ್ಕಿಗಾಗಿ, ಶಾಂತಿಗಾಗಿ ದುಡಿದವರನ್ನು ಪ್ರಪಂಚದಲ್ಲೆಲ್ಲ ಹುಡುಕಿ ವರ್ಷಕ್ಕೊಬ್ಬರಿಗೆ ಕೊಡುವಂಥದ್ದು. ಹುಡುಕುತ್ತಾ ಬಂದವರು ಸರಿಯಾಗಿ ನಮ್ಮ ಗೋಡೆಯವರೆಗೆ ಬಂದು ಆ ಕಡೆ ತಿರುಗಿಬಿಟ್ಟರು. ಎಲ್ಲಾದರೂ ಒಂದು ಮೂಲೆಯಲ್ಲಿ ನನ್ನ ಹೆಸರೂ ಬರಬೇಕು ಎನ್ನುವುದಷ್ಟೇ ನನ್ನ ಆಸೆಯಾಗಿತ್ತು. ಅದಕ್ಕಾಗಿ ನಾನು ಪಟ್ಟ ಪಾಡು ಹೇಳುತ್ತೇನೆ, ನಗುವವರು ನಗಬಹುದು.

೧. ಬೆತ್ತದ ಕುರ್ಚಿ

ನಮ್ಮೂರ ಪಕ್ಕದ ದೊಡ್ಡ ಕಾಫಿ ಎಸ್ಟೇಟನ್ನು ಬೆಂಗಳೂರಿನವರೊಬ್ಬರು ಕೊಂಡುಕೊಂಡರು. ಕೊಂಡ ವಾರಕ್ಕೇ ತೋಟದ ನಡುವೆ ಹಾದುಹೋಗುವ ಕಾಲುದಾರಿಗೆ ಕಬ್ಬಿಣದ ಗೇಟು ಹಾಕಿಸಿ ಬೀಗ ಜಡಿದರು. ಆ ದಾರಿಯ ಒಂದು ತುದಿಯಲ್ಲಿ ಕೂಲಿಯವರ ಲೈನ್ ಮನೆಗಳು, ಇನ್ನೊಂದು ತುದಿಯಲ್ಲಿ ಅಂಗನವಾಡಿ ಮತ್ತು ಬಸ್ಸು ನಿಲ್ಲುವ ಜಾಗ. ಗೇಟು ಮುಚ್ಚಿದರೆ ಲೈನಿನ ಮಕ್ಕಳು ಆನೆ ಓಡಾಡುವ ಕಾಡಂಚಿನಲ್ಲಿ ಬಳಸಿಕೊಂಡು ಬರಬೇಕು. ಊರಿನವರೆಲ್ಲ ಅಯ್ಯೋ ಪಾಪ ಅಂದರು. ನಾನೂ ಅಂದೆ. ನಾನೇ ಮೊದಲು ಅಂದದ್ದು, ಅದಕ್ಕೆ ಸಾಕ್ಷಿಯಿದೆ.

ಮಾರನೇ ಬೆಳಿಗ್ಗೆ ವಾರಗಿತ್ತಿ ನಮ್ಮ ಬಾಗಿಲಿಗೆ ಬಂದಳು.

“ಅಕ್ಕ, ನಿಮ್ ಬೆತ್ತದ ಕುರ್ಚಿ ಒಂಚೂರು ಕೊಡ್ತೀರಾ? ಒಂದ್ ಗಳಿಗೆ ಕೂತಿದ್ದು ತಂದ್ಕೊಡ್ತೀನಿ.”

ಅದು ನಮ್ಮಪ್ಪ ಸಕಲೇಶಪುರದಲ್ಲಿ ಹೇಳಿ ಮಾಡಿಸಿಕೊಟ್ಟ ಕುರ್ಚಿ. ಕೊಟ್ಟೆ. ಅವಳು ಅದನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಿ ಗೇಟಿನ ಮುಂದೆ ಹಾಕಿಕೊಂಡು ಕೂತಳು. ಕೂಗಲಿಲ್ಲ, ಘೋಷಣೆ ಹಾಕಲಿಲ್ಲ, ಸುಮ್ಮನೆ ಕೂತಳು. ಒಂದು ಗಳಿಗೆ ಎಂದದ್ದು ಹತ್ತೊಂಬತ್ತು ದಿನವಾಯಿತು. ಅಷ್ಟೂ ದಿನ ನಾನು ಮಣೆಯ ಮೇಲೆ ಕೂತು ಅವರೆಕಾಯಿ ಬಿಡಿಸಿದೆ.

ಐದನೇ ದಿನ ಪೇಪರಿನವನು ಬಂದು ಫೋಟೋ ತೆಗೆದ. ಮಾರನೇ ದಿನ ಬಂದ ಫೋಟೋದಲ್ಲಿ ಅವಳಿಗಿಂತ ಕುರ್ಚಿಯೇ ಚೆನ್ನಾಗಿತ್ತು. ಮೇಲೆ ದೊಡ್ಡ ಅಕ್ಷರದಲ್ಲಿ ‘ಹಾದಿಗಾಗಿ ಕೂತ ತಾಯಿ’. ನಾನು ಪೇಪರಿನವನಿಗೆ ಫೋನ್ ಮಾಡಿದೆ.

“ಕುರ್ಚಿ ಯಾರ್ದು ಅಂತ ಒಂದ್ ಸಾಲು ಹಾಕಿ ಸ್ವಾಮಿ.”

“ಅಮ್ಮ, ಸುದ್ದಿ ಕುರ್ಚೀದಲ್ಲ, ಕೂತೋರ್ದು.”

“ಕುರ್ಚಿ ಇಲ್ದೆ ಅವ್ಳು ಹೆಂಗೆ ಕೂತಾಳು?”

“ಹಂಗಾದ್ರೆ ನಾಳೆ ನೀವೇ ಹೋಗಿ ಕೂತ್ಕೊಳ್ಳಿ, ನಿಮ್ದೂ ಹಾಕ್ತೀನಿ” ಎಂದು ಫೋನಿಟ್ಟ.

ಮಾರನೇ ದಿನ ಕೂರಲೆಂದೇ ಹೋದೆ. ಬಿಸಿಲು ಬಹಳ ಇತ್ತು, ವಾಪಸ್ ಬಂದೆ.

೨. ಕುಡಿದ ಮೇಲೆ ಬೈಯುವಂತಿಲ್ಲ

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರಾದರೂ ಕಾಫಿ ಕೊಟ್ಟರೆ ಬೇಡ ಅನ್ನುವಂತಿಲ್ಲ. ಕುಡಿದ ಮೇಲೆ ಕೊಟ್ಟವರನ್ನು ಅವತ್ತಿನ ಮಟ್ಟಿಗಾದರೂ ಬೈಯುವಂತಿಲ್ಲ. ಜಗಳಕ್ಕೆಂದೇ ಹೊರಟವರು ಅದಕ್ಕೇ ಎದುರು ಪಕ್ಷದ ಮನೆಯೊಳಗೆ ಕಾಲಿಡದೆ ರಸ್ತೆಯಲ್ಲಿ ನಿಂತು ಬೈಯುತ್ತಾರೆ.

ವಾರಗಿತ್ತಿ ಇದನ್ನೇ ಹಿಡಿದುಕೊಂಡಳು. ದಿನಾ ಒಂದು ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ, ನಾಲ್ಕು ಲೋಟ ಇಟ್ಟುಕೊಂಡು ಕೂರುತ್ತಿದ್ದಳು. ಎಬ್ಬಿಸಲು ಬಂದವರಿಗೆಲ್ಲ ಮೊದಲು ಕಾಫಿ. ಪೊಲೀಸಿನವರು ಬಂದರು, ಕುಡಿದರು, ಹವಾಮಾನದ ಬಗ್ಗೆ ಮಾತಾಡಿ ಹೋದರು. ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಹಾಸನದ ಕಡೆಯ ಮನುಷ್ಯ, ಅವನಿಗೆ ಈ ಪದ್ಧತಿ ಚೆನ್ನಾಗಿ ಗೊತ್ತು. ಅವನು ಗೇಟಿನ ಹತ್ತಿರವೇ ಬರದೆ ಸಿಲ್ವರ್ ಓಕ್ ಮರದ ಹಿಂದೆ ನಿಂತು “ಅಮ್ಮ, ಎದ್ದೋಗ್ಬೇಕಂತೆ” ಎಂದು ಕೂಗುತ್ತಿದ್ದ. ಇವಳು ಲೋಟ ಹಿಡಿದುಕೊಂಡು ಎದ್ದರೆ ಅವನು ಮುಂದಿನ ಮರಕ್ಕೆ ಹೋಗುತ್ತಿದ್ದ. ಹೀಗೆ ಒಂದು ವಾರ ನಡೆಯಿತು.

ಕೊನೆಗೆ ಒಂದು ದಿನ ಮಾಲೀಕರೇ ಜೀಪಿನಲ್ಲಿ ಬಂದಿಳಿದರು. ದೂರದಿಂದ ಬಂದು ಬಾಯಾರಿತ್ತೇನೋ, ಇವಳು ಕೊಟ್ಟ ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಮುಗಿಸಿದರು. ರೈಟರ್ ಮರದ ಹಿಂದಿನಿಂದ ಓಡಿ ಬಂದು ತಲೆ ಮೇಲೆ ಕೈ ಹೊತ್ತುಕೊಂಡ.

“ಕುಡಿದ್ಬುಟ್ರಾ ಸಾರ್? ಇನ್ನ ಏನೂ ಹೇಳಂಗಿಲ್ಲ.”

“ಯಾರ್ರೀ ಹೇಳಿದ್ದು ಹಾಗಂತ?”

“ನಮ್ ಕಡೆ ಹಂಗೆ ಸಾರ್. ಈಗ ಬೈದ್ರೆ ನಾಳೆ ಹಣ್ಣು ಕುಯ್ಯಕ್ಕೆ ಒಂದಾಳೂ ಬರಾಕಿಲ್ಲ.”

ಮಾಲೀಕರು ಸ್ವಲ್ಪ ಹೊತ್ತು ಲೋಟವನ್ನೇ ನೋಡಿದರು. ಆಮೇಲೆ ಇನ್ನೊಂದು ಲೋಟ ಕೇಳಿ ಕುಡಿದರು. ಆಮೇಲೆ ದಾರಿಯ ವಿಷಯ ಕೇಳಿದರು. ಒಂದು ವಾರಕ್ಕೆ ಬೀಗ ತೆಗೆಸಿದರು. ಆ ದಿನ ನಾನು ಬೇಲಿಯ ಪಕ್ಕದಲ್ಲೇ ನಿಂತಿದ್ದೆ. “ಕಾಫಿ ಬಹಳ ಚೆನ್ನಾಗಿತ್ತು, ಯಾರು ಮಾಡಿದ್ದು?” ಎಂದು ಅವರು ಕೇಳಿದ್ದು ನನಗೆ ಕೇಳಿಸಿತು. ಹತ್ತೊಂಬತ್ತು ದಿನವೂ ಆ ಕಾಫಿ ಕಾಸಿದವಳು ನಾನು, ಪುಡಿಯೂ ನನ್ನದು. ಸೆರಗು ಸರಿಮಾಡಿಕೊಂಡು ಮುಂದೆ ಬಂದೆ. ಅಷ್ಟರಲ್ಲಿ ಅವಳು “ನಮ್ಮನೇದೇ ಸಾರ್” ಅಂದುಬಿಟ್ಟಳು. ಪಾಲಾದ ಮೇಲೆ ಅವಳು ಎರಡು ಮನೆಯನ್ನೂ ಸೇರಿಸಿ ‘ನಮ್ಮನೆ’ ಎಂದದ್ದು ಅದೇ ಮೊದಲು.

೩. ನನಗೂ ಒಂದು ಗೇಟು

ಅಲ್ಲಿಂದ ಅವಳಿಗೆ ಕೈತುಂಬ ಕೆಲಸ. ಅಸ್ಸಾಮಿನಿಂದ ಬಂದ ಕೆಲಸಗಾರರ ಆಧಾರ್ ಕಾರ್ಡನ್ನು ಮೇಸ್ತ್ರಿ ಇಟ್ಟುಕೊಂಡಿದ್ದಾನೆಂದರೆ ಇವಳು ಫ್ಲಾಸ್ಕ್ ಹಿಡಿದು ಹೊರಟಳು. ಲೈನಿನಲ್ಲಿ ನೀರಿಲ್ಲ, ಕಕ್ಕಸಿಲ್ಲ ಎಂದರೆ ಹೊರಟಳು. ಆಲೂರಿನ ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು ನೋಡಿ “ನೀವು ಆ ಗೇಟಮ್ಮನ ಅಕ್ಕ ಅಲ್ವಾ?” ಎಂದು ಕೇಳಿ, ಸೀಟು ಮಾತ್ರ ಕೊಡಲಿಲ್ಲ.

ಮನೆಗೆ ಬಂದು ನಮ್ಮವರ ಹತ್ತಿರ ಹೇಳಿಕೊಂಡೆ. ಅವರು ಪೇಪರಿನಿಂದ ತಲೆ ಎತ್ತದೆ, “ನೀನೂ ಎಲ್ಲಾರ ಒಂದ್ ಗೇಟ್ ನೋಡ್ಕೊ ಮಾರಾಯ್ತಿ” ಅಂದರು.

ತಮಾಷೆಗೆ ಅಂದದ್ದು. ನನಗೆ ಸರಿಯೆನಿಸಿತು. ವಿಚಾರಿಸಿದಾಗ ಆನೇಮಹಲ್ ಹತ್ತಿರ ಒಂದು ಹೋಂಸ್ಟೇಯವರು ಊರವರ ದಾರಿಗೆ ಗೇಟು ಹಾಕಿದ್ದಾರೆಂದು ಸುದ್ದಿ ಸಿಕ್ಕಿತು. ಆಟೋ ಮಾಡಿಕೊಂಡು, ಬೆತ್ತದ ಕುರ್ಚಿ ಹಿಂದೆ ಕಟ್ಟಿಸಿಕೊಂಡು, ಫ್ಲಾಸ್ಕಿನೊಂದಿಗೆ ಹೋದೆ. ಗೇಟು ಇತ್ತು, ಎತ್ತರವಾಗಿಯೇ ಇತ್ತು. ಸಂತೋಷವಾಯಿತು. ಎದುರಿಗೆ ಕುರ್ಚಿ ಹಾಕಿ, ಮುಖ ಗಂಭೀರ ಮಾಡಿಕೊಂಡು ಕೂತೆ.

ಎರಡು ನಿಮಿಷ ಆಗಿರಲಿಲ್ಲ, ವಾಚ್‌ಮನ್ ಓಡಿ ಬಂದು ಗೇಟನ್ನು ಪೂರ್ತಿ ತೆರೆದ.

“ಯಾಕಮ್ಮ ಬಿಸ್ಲಲ್ಲಿ ಕೂತ್ರಿ? ಒಳೀಕೆ ಬನ್ನಿ.”

“ನಾನು ಒಳಗೆ ಬರಲ್ಲ. ಈ ದಾರಿ ಜನಕ್ಕೆ ಬಿಡ್ಬೇಕು.”

“ಬುಟ್ಟೇ ಐತಲ್ಲಮ್ಮ. ದನ ನುಗ್ತವೆ ಅಂತ ಮುಂದಾಕಿರ್ತೀವಿ ಅಷ್ಟೇ. ಬೀಗಾನೇ ಇಲ್ಲ, ನೋಡಿ.”

ನಿಜವಾಗಿಯೂ ಬೀಗವಿರಲಿಲ್ಲ. ನಾನು ನೋಡುತ್ತಿದ್ದಂತೆಯೇ ಹುಲ್ಲಿನ ಹೊರೆ ಹೊತ್ತ ಇಬ್ಬರು ಹೆಂಗಸರು ಆರಾಮಾಗಿ ಹಾದುಹೋದರು. ವಾಚ್‌ಮನ್ ನನ್ನ ಕುರ್ಚಿಯನ್ನು ತಾನೇ ಎತ್ತಿಕೊಂಡು ಹೋಗಿ ನೆರಳಿನಲ್ಲಿ ಹಾಕಿದ. ನಾನು ಫ್ಲಾಸ್ಕ್ ತೆಗೆಯುವ ಮೊದಲೇ ಒಳಗಿನಿಂದ ಕಾಫಿ ತಂದುಕೊಟ್ಟ. ಬೇಡ ಅನ್ನುವಂತಿಲ್ಲ, ಕುಡಿದೆ. ಕುಡಿದ ಮೇಲೆ ಏನು ಹೇಳುವುದು. ಚೆನ್ನಾಗಿದೆ ಎಂದು ಹೇಳಿ ಅದೇ ಆಟೋದಲ್ಲಿ ವಾಪಸ್ ಬಂದೆ. ಅವಳಿಗೆ ಮನೆ ಪಕ್ಕದಲ್ಲೇ ಅನ್ಯಾಯ ಸಿಗುತ್ತದೆ, ನನಗೆ ಅಷ್ಟು ದೂರ ಹೋದರೂ ಸಿಗಲಿಲ್ಲ.

೪. ಫಾರಂ

ಹಾಸನದ ಕಡೆಯ ಕಾನೂನು ಕಾಲೇಜಿನ ಮೇಷ್ಟ್ರೊಬ್ಬರು ಇವಳ ಹೆಸರನ್ನು ಆ ಪ್ರಶಸ್ತಿಗೆ ಕಳಿಸಬೇಕೆಂದು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಅವಳ ಜಗಲಿಯಲ್ಲಿ ಕೂತು ಒಂದೊಂದೇ ಪ್ರಶ್ನೆ ಓದಿ ಉತ್ತರ ಬರೆದುಕೊಳ್ಳುತ್ತಿದ್ದರು. ನಾನು ಕಾಫಿ ಕೊಡುವ ನೆಪದಲ್ಲಿ ಒಳಗೂ ಹೊರಗೂ ಓಡಾಡುತ್ತಿದ್ದೆ.

“ಎಷ್ಟು ಸಲ ಜೈಲಿಗೆ ಹೋಗಿದ್ದೀರಿ?”

“ಒಂದ್ಸಲಾನೂ ಇಲ್ಲ.”

“ನಿಮ್ಮ ಮೇಲೆ ದಾಳಿ ಆಗಿದೆಯಾ?”

ಅವಳು ಬಹಳ ಹೊತ್ತು ಯೋಚಿಸಿ, “ಗೇಟಿನ ಹತ್ರ ಜಿಗಣೆ ಕಚ್ಚಿತ್ತು” ಅಂದಳು. ಮೇಷ್ಟ್ರು ಬರೆದುಕೊಂಡರೋ ಇಲ್ಲವೋ ಕಾಣಲಿಲ್ಲ.

“ನಿಮ್ಮ ಕೆಲಸದಲ್ಲಿ ಬೇರೆ ಯಾರಾದರೂ ಜೊತೆಗಿದ್ದರಾ?”

ಇಲ್ಲಿ ನಾನು ಬಾಗಿಲಲ್ಲೇ ನಿಂತೆ. ಅವಳು “ಊರೋರೆಲ್ಲ ಇದ್ರು” ಅಂದಳು. ಊರವರೆಲ್ಲರಲ್ಲಿ ನಾನೂ ಒಬ್ಬಳು. ಕೈಯಲ್ಲಿದ್ದ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟೆ.

ಕೊನೆಯ ಪ್ರಶ್ನೆಗೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ನೀವೇ ಒಂದು ಪಕ್ಷವಾಗಿದ್ದು, ಇನ್ನೂ ಬಗೆಹರಿಯದ ಜಗಳ ಯಾವುದಾದರೂ ಇದೆಯಾ? ಇಲ್ಲ ಅಂತ ಹಾಕಲಾ?”

“ಇಲ್ಲ ಅಂತ ಯಾಕ್ ಹಾಕ್ತೀರ? ಒಂದೈತೆ. ನಮ್ಮಕ್ಕನ ಜೊತೆ. ಕಣದ್ದು.”

ಕಾಫಿ ಹಣ್ಣು ಒಣಗಿಸುವ ಕಣ ನಮ್ಮಿಬ್ಬರಿಗೂ ಒಂದೇ. ಪಾಲಾದಾಗ ಅರ್ಧರ್ಧ ಎಂದು ಬಾಯಲ್ಲಿ ಆಯಿತು, ಗೆರೆ ಎಳೆಯಲಿಲ್ಲ. ನಡುವೆ ಮೂರಡಿ ಜಾಗಕ್ಕೆ ಬೆಳಗಿನ ಬಿಸಿಲು ಮೊದಲು ಬೀಳುತ್ತದೆ. ಅದು ತನ್ನದೆಂದು ಅವಳು, ನನ್ನದೆಂದು ನಾನು. ಅವಳು ಹರಡಿದ ಹಣ್ಣನ್ನು ನಾನು ಆ ಕಡೆ ಗುಡಿಸುತ್ತೇನೆ, ನಾನು ಹರಡಿದ್ದನ್ನು ಅವಳು ಈ ಕಡೆ. ಮಾತು ಬಿಟ್ಟಿಲ್ಲ, ಗುಡಿಸುವುದನ್ನೂ ಬಿಟ್ಟಿಲ್ಲ.

“ನಿಮ್ಮ ಅಕ್ಕನ ಹೆಸರು?” ಎಂದರು ಮೇಷ್ಟ್ರು.

ನಾನು ಮುಂದೆ ಬಂದು ನಾನೇ ಹೇಳಿದೆ. ಇನಿಷಿಯಲ್ ಸಮೇತ ಹೇಳಿದೆ, ಸರಿಯಾಗಿ ಬರೆದರೋ ಎಂದು ಬಗ್ಗಿ ನೋಡಿದೆ. ಅಂತೂ ಹೆಸರು ಹೊರದೇಶಕ್ಕೆ ಹೋಗುತ್ತಿತ್ತು. ಆ ಖುಷಿಗೆ ಮೇಷ್ಟ್ರಿಗೆ ಡಬ್ಬಿಯಿಂದ ಚಕ್ಕುಲಿ ತೆಗೆದುಕೊಟ್ಟೆ. ಯಾವ ಪ್ರಶ್ನೆಯ ಕೆಳಗೆ ಹೋಯಿತು ಎನ್ನುವುದು ಅವರ ಕಾರು ತಿರುವು ದಾಟಿದ ಮೇಲೆ ತಲೆಗೆ ಹೊಳೆಯಿತು.

೫. ಮೂರಡಿ

ಜನವರಿಯಲ್ಲಿ ಕಣದ ತುಂಬ ಹಣ್ಣು ಹರಡಿದ್ದಾಗ ಪ್ರಶಸ್ತಿಯವರು ಪರೀಕ್ಷೆ ಮಾಡಲು ಬಂದರು. ಒಬ್ಬ ವಿದೇಶಿ ಹೆಂಗಸು, ಜೊತೆಗೆ ಮಾತು ತಿರುಗಿಸಿ ಹೇಳಲು ಅದೇ ಮೇಷ್ಟ್ರು. ಆಕೆ ಲೈನಿಗೆ ಹೋದರು, ಗೇಟು ನೋಡಿದರು, ಎಲ್ಲರನ್ನೂ ಮಾತಾಡಿಸಿದರು. ಲೈನಿನ ಹೆಂಗಸರಿಗೆ ಈ ಪ್ರಶಸ್ತಿ ಬೇಕೇ ಬೇಕಿತ್ತು. ಪ್ರಪಂಚವೇ ನೋಡಿದ ದಾರಿಗೆ ಮತ್ತೆ ಬೀಗ ಹಾಕಲು ಯಾವ ಮಾಲೀಕನಿಗೂ ಧೈರ್ಯ ಬರುವುದಿಲ್ಲ ಎಂದು ಮೇಷ್ಟ್ರು ಅವರಿಗೆ ಹೇಳಿದ್ದರಂತೆ. ಎಲ್ಲ ಸರಿಯಾಗಿತ್ತು, ಉಳಿದದ್ದು ಕಣದ ಜಗಳ ಒಂದೇ.

ಅದಕ್ಕೆ ನಾನು ಒಂದು ಯೋಜನೆ ಮಾಡಿಕೊಂಡಿದ್ದೆ. ಅವರೆಲ್ಲರ ಎದುರು ದೊಡ್ಡ ಮನಸ್ಸು ಮಾಡಿ “ಶಾಂತಿಗೋಸ್ಕರ ಆ ಮೂರಡಿ ಬಿಟ್ಟುಕೊಟ್ಟೆ” ಎನ್ನುವುದು. ಬಿಟ್ಟುಕೊಟ್ಟವಳು ನಾನಾದರೆ ಫೋಟೋವೂ ನನ್ನದೇ ಬರಬೇಕು, ಹೆಸರೂ ನನ್ನದೇ ಬರಬೇಕು. ಕನ್ನಡಿಯ ಮುಂದೆ ನಾಲ್ಕು ದಿನ ಹೇಳಿ ನೋಡಿಕೊಂಡಿದ್ದೆ. ಆ ದಿನ ನವಿಲಿನ ಬಣ್ಣದ, ಕುಂಕುಮದ ಅಂಚಿನ ರೇಷ್ಮೆ ಸೀರೆ ಉಟ್ಟುಕೊಂಡು ಕಣದಲ್ಲಿ ನನ್ನ ಕಡೆ ನಿಂತೆ.

ಆಕೆ ಕೇಳಿದ್ದನ್ನು ಮೇಷ್ಟ್ರು ಹೇಳಿದರು. “ಈ ಜಗಳ ಮುಗಿಸಿಕೊಳ್ಳಲು ನೀವಿಬ್ಬರೂ ತಯಾರಿದ್ದೀರಾ ಅಂತ ಕೇಳ್ತಿದ್ದಾರೆ.”

ನಾನು ಬಾಯಿ ತೆರೆಯುವಷ್ಟರಲ್ಲಿ ವಾರಗಿತ್ತಿ “ಇಲ್ಲ” ಅಂದಳು.

ಮೇಷ್ಟ್ರು ಅದನ್ನು ತಿರುಗಿಸಿ ಹೇಳದೆ ಅವಳ ಕಡೆ ಬಗ್ಗಿದರು. “ಅಮ್ಮ, ಶಾಂತಿ ಪ್ರಶಸ್ತಿ ಇದು.”

“ಆಗ್ಲಿ. ಕಂಡೋರ ದಾರಿಗೆ ಬೀಗ ಹಾಕಿದ್ರು, ಅದು ತಪ್ಪು, ಕೂತೆ. ಇದು ನಂದು. ನಂದು ಯಾಕ್ ಬುಡ್ಲಿ?”

ಇನ್ನು ತಡಮಾಡಬಾರದೆಂದು ನಾನು ಮುಂದೆ ಬಂದು ಕೈಮುಗಿದೆ. “ಶಾಂತಿಗೋಸ್ಕರ ಆ ಮೂರಡಿ ನಾನೇ ಬಿಟ್ಟುಕೊಟ್ಟೆ.”

“ನೀವು ಬಿಟ್ಕೊಡಕ್ಕೆ ಅದು ನಿಮ್ದಾ ಅಕ್ಕ?” ಅಂದಳು.

ಅಲ್ಲಿಗೆ ನನ್ನ ನಾಲ್ಕು ದಿನದ ಅಭ್ಯಾಸವೆಲ್ಲ ನೀರುಪಾಲಾಯಿತು. “ನಂದಲ್ದೆ ನಿಮ್ಮಪ್ಪನ ಮನೇದಾ?” ಎಂದು ನಾನು. “ಮಾವನೋರು ಬಾಯಲ್ಲೇ ಹೇಳಿದ್ರು” ಎಂದು ಅವಳು. “ಹೇಳೋವಾಗ ನೀನೆಲ್ಲಿದ್ದೆ, ತವರಲ್ಲಿದ್ದೆ” ಎಂದು ನಾನು. ಶಾಂತಿಯ ಪರೀಕ್ಷೆಗೆ ಬಂದಾಕೆಯ ಮುಂದೆ ಪೊರಕೆ ಹಿಡಿದುಕೊಂಡು ಅರ್ಧ ಗಂಟೆ ಜಗಳವಾಡಿದೆವು. ಮೇಷ್ಟ್ರು ಸ್ವಲ್ಪ ಹೊತ್ತು ಮಾತು ತಿರುಗಿಸಿ ಹೇಳಿದರು, ಆಮೇಲೆ ಕಲ್ಲಿನ ಮೇಲೆ ಕೂತುಬಿಟ್ಟರು. ಆಕೆ ಮಾತ್ರ ಎಲ್ಲವನ್ನೂ ಬರೆದುಕೊಳ್ಳುತ್ತಲೇ ಇದ್ದರು.

ಉಸಿರು ಕಟ್ಟಿ ಇಬ್ಬರೂ ನಿಂತಾಗ ಆಕೆ ನನ್ನ ಕಡೆ ತಿರುಗಿ, ಈಕೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ಸಿಟ್ಟು ನೆತ್ತಿಗೇರಿತ್ತು, ಬಾಯಿಗೆ ಬಂದದ್ದು ಹೇಳಿದೆ.

“ಇವಳಂಥ ಹಟಮಾರಿ ಈ ಹೋಬಳೀಲೇ ಇಲ್ಲ. ಒಡಹುಟ್ಟಿದೋಳಂಗಿರೋ ನನಗೇ ಮೂರಡಿ ಬಿಡದೋಳು, ಊರ ದಾರಿ ಬಿಡ್ತಾಳಾ? ಬರ್ಕೊಳ್ಳಿ. ನನ್ನ ಹೆಸರೂ ಬರ್ಕೊಳ್ಳಿ.”

ಬರೆದುಕೊಂಡರು. ಆಮೇಲೆ ನಮ್ಮಿಬ್ಬರ ಫೋಟೋ ತೆಗೆದರು. ಅವಳು ಆ ಕಡೆ, ನಾನು ಈ ಕಡೆ, ಹಿಂದೆ ಜಗಳ ನೋಡಲು ಬಂದ ಲೈನಿನ ಮಕ್ಕಳು, ನಡುವಿನ ಮೂರಡಿಯಲ್ಲಿ ನಮ್ಮ ನಾಯಿ ಮಲಗಿತ್ತು.

ಅವರು ಹೋದ ಮೇಲೆ ಮೊದಲು ನನಗೆ ಒಳಗೊಳಗೇ ಸಂತೋಷವಾಯಿತು. ಇನ್ನು ಅವಳಿಗೂ ಇಲ್ಲ, ನನಗೂ ಇಲ್ಲ, ಸಮಸಮ. ಸಾಯಂಕಾಲ ಲೈನಿನ ಇಬ್ಬರು ಹೆಂಗಸರು ಬಂದು ಏನೂ ಕೇಳದೆ ನನ್ನ ಮುಖ ನೋಡಿಕೊಂಡು ಹೋದರು. ಅದಾದ ಮೇಲೆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ನಾನೇ ಹಾಳುಮಾಡಿದೆ ಅನಿಸಿತು. ಮೂರನೇ ದಿನ ಅವಳು ನನ್ನ ಹಣ್ಣನ್ನು ಮತ್ತೆ ಈ ಕಡೆ ಗುಡಿಸಿದಳು. ಆಗ ಊಟ ಸೇರಿತು.

೬. ಪುಸ್ತಕ

ಪ್ರಶಸ್ತಿ ಅವಳಿಗೇ ಬಂತು. ವಿಮಾನ ಹತ್ತಿ ಹೋಗಿ ಬಂದಳು. ತಹಸೀಲ್ದಾರರು ಬಂದು ಹಾರ ಹಾಕಿದರು. ಕಾಲುದಾರಿಯಲ್ಲಿ ಬೀಗ ತೆಗೆದದ್ದಷ್ಟೇ ಅಲ್ಲ, ಮಾಲೀಕರು ಗೇಟನ್ನೇ ಕಿತ್ತುಹಾಕಿಸಿದರು. ಎಲ್ಲ ಒಳ್ಳೆಯದೇ ಆಯಿತು. ಹೊಟ್ಟೆಕಿಚ್ಚಿನವಳು ಹೇಳುತ್ತಿದ್ದೇನೆ, ನಂಬಿ.

ಪ್ರಶಸ್ತಿಯ ಜೊತೆ ಒಂದು ದಪ್ಪ ಪುಸ್ತಕ ಕೊಟ್ಟಿದ್ದರು, ಎಷ್ಟೋ ದೇಶಗಳಿಗೆ ಹೋಗುವಂಥದ್ದು. ಮೇಷ್ಟ್ರು ಬಂದಾಗ ಅವಳು ಗೋಡೆಯಾಚೆಯಿಂದ ಕೂಗಿದಳು.

“ಅಕ್ಕ, ಬನ್ನಿ. ನೀವು ಹೇಳಿದ್ದೇ ಮೊದಲ್ನೇ ಪುಟದಲ್ಲಿ ಹಾಕವ್ರಂತೆ.”

ಚಪ್ಪಲಿಯನ್ನೂ ಹಾಕದೆ ಹೋದೆ. ಮೇಷ್ಟ್ರು ಇಂಗ್ಲಿಷಿನಿಂದ ಓದಿ ಹೇಳಿದರು. ಅಕ್ಷರಶಃ ನನ್ನದೇ ಮಾತು, ಪುಟದ ನಡುವೆ, ದಪ್ಪ ಅಕ್ಷರದಲ್ಲಿ: ‘ನನಗೇ ಮೂರಡಿ ಬಿಡದವಳು, ಊರ ದಾರಿ ಬಿಡುತ್ತಾಳಾ?’ ತನ್ನ ಜಗಳವನ್ನೂ ಮುಚ್ಚಿಡದ ಈಕೆಯ ಪ್ರಾಮಾಣಿಕತೆಗೆ, ಎದುರಾಳಿಯೇ ಒಪ್ಪಿದ ಈಕೆಯ ಗಟ್ಟಿತನಕ್ಕೆ ಈ ಪ್ರಶಸ್ತಿ ಎಂದು ಅವರು ಬರೆದಿದ್ದರಂತೆ. ಅಂದರೆ ಪ್ರಶಸ್ತಿ ಬಂದದ್ದೇ ನನ್ನ ಮಾತಿನಿಂದ. ನನ್ನ ಕಣ್ಣಲ್ಲಿ ನೀರು ಬಂತು.

“ಕೆಳಗೆ ಹೆಸರು ಓದಿ ಮೇಷ್ಟ್ರೇ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಹೆಸರು ಹಾಕಿಲ್ಲಮ್ಮ. ‘ಸುರಕ್ಷತೆಯ ಕಾರಣಕ್ಕೆ ಹೆಸರನ್ನು ಗುಟ್ಟಾಗಿಡಲಾಗಿದೆ’ ಅಂತ ಇದೆ.”

“ಯಾರ ಸುರಕ್ಷತೆ?”

“ನಿಮ್ಮದೇ. ಪ್ರಶಸ್ತಿ ಪಡೆದವರ ವಿರುದ್ಧ ಮಾತಾಡಿದವರಿಗೆ ಆಮೇಲೆ ತೊಂದರೆ ಆಗಬಾರದು ಅಂತ ಅವರಲ್ಲಿ ನಿಯಮ. ಮಾನವ ಹಕ್ಕಿನವರಲ್ವಾ, ತುಂಬ ಕಟ್ಟುನಿಟ್ಟು.”

“ನಾನೇ ಬರ್ಕೊಳ್ಳಿ ಅಂದಿದ್ನಲ್ಲ.”

“ಅದನ್ನೂ ಬರೆದಿದ್ದಾರೆ. ‘ಹೆಸರು ಹೇಳಲು ಆಕೆ ಹೆದರಲಿಲ್ಲ, ಆದರೂ ನಾವು ಎಚ್ಚರ ವಹಿಸಿದ್ದೇವೆ’ ಅಂತ.”

ನಾನೂ ಮೇಷ್ಟ್ರೂ ಒಟ್ಟಿಗೇ ವಾರಗಿತ್ತಿಯ ಕಡೆ ನೋಡಿದೆವು. ಯಾರಿಂದ ನನ್ನ ಜೀವಕ್ಕೆ ಅಪಾಯವಿತ್ತೋ ಅವಳು ನನಗಾಗಿ ಮಣೆ ತಂದು ಹಾಕುತ್ತಿದ್ದಳು.

ಪುಟ ತಿರುಗಿಸಿದರು. ಕಣದ ಫೋಟೋ ಪೂರ್ತಿ ಪುಟದಲ್ಲಿತ್ತು. ವಾರಗಿತ್ತಿಯ ಮುಖ ಸ್ಪಷ್ಟ. ಹಿಂದೆ ನಿಂತ ಲೈನಿನ ಮಕ್ಕಳು ಸ್ಪಷ್ಟ. ನಾಯಿ ಎಷ್ಟು ಸ್ಪಷ್ಟವೆಂದರೆ ಅದರ ಮೂಗಿನ ಮೇಲೆ ಕೂತ ನೊಣವೂ ಕಾಣುತ್ತಿತ್ತು. ನನ್ನ ಕುತ್ತಿಗೆಯವರೆಗೂ ಎಲ್ಲ ಚೆನ್ನಾಗಿತ್ತು. ಅದರ ಮೇಲೆ ಮುಖ ಇರಬೇಕಾದಲ್ಲಿ ಮಂಜು ಕವಿದಂತೆ ಮಸುಕು ಮಾಡಿದ್ದರು. ಅದೂ ಸುರಕ್ಷತೆಗೇ.

ವಾರಗಿತ್ತಿ ಪಕ್ಕದಲ್ಲಿ ಕೂತು ಪುಸ್ತಕವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, “ಬುಡಿ ಅಕ್ಕ, ಮುಖ ಇಲ್ದಿದ್ರೇನು, ಸೀರೆ ನೋಡಿದ್ರೆ ಯಾರಿಗಾದ್ರೂ ಗೊತ್ತಾಯ್ತದೆ” ಅಂದಳು.

ಅವಳು ಹೇಳಿದ್ದರಲ್ಲಿ ನನಗೆ ಸರಿಯೆನಿಸಿದ್ದು ಅದೊಂದೇ ಮಾತು. ಈಗ ಮದುವೆಯಿರಲಿ, ಗೃಹಪ್ರವೇಶವಿರಲಿ, ಆಲೂರಿನ ಸಂತೆಯೇ ಇರಲಿ, ನಾನು ಅದೇ ಸೀರೆ ಉಟ್ಟುಕೊಂಡು ಹೋಗುತ್ತೇನೆ.